ಓಗೊಟ್ಟ ತಪ್ಪಿಗೆ

ಕಳೆದ ವಾರ ಊಟಿಗೆ ಹೋಗಬೇಕಾಗಿ ಬಂದು ಕೇತಿ ಸ್ಟೇಷನ್ನಿನ ಬೆಂಚಿನ ಮೇಲೆ ರೈಲಿಗೆ ಕಾಯುತ್ತ ಕೂತಿದ್ದೆ. ರೈಲು ಬಂತು, ನಿಂತಿತು. ಮುಂದಿನ ಡಬ್ಬಿಯ ಬ್ರೇಕಿನವನು ಬಾವುಟವನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಕೈಯಲ್ಲಿದ್ದ ವಾಕಿಟಾಕಿಯನ್ನು ಬಾಯಿಗೆ ಹಿಡಿದು ಏನೋ ಹೇಳಿದ. ಗೊರ್ ಎಂದು ಒಂದು ಸದ್ದು, ಅದರ ಬೆನ್ನಿಗೇ ಮೂಗಿನಲ್ಲಿ ಮಾತಾಡಿದಂಥ ಒಂದು ಉತ್ತರ. ಅಷ್ಟಕ್ಕೇ ನನ್ನ ಬೆನ್ನು ನೆಟ್ಟಗಾಯಿತು. ಪಕ್ಕದಲ್ಲಿದ್ದ ಹೆಂಗಸು, "ಏನಕ್ಕಾ, ಚಳಿಯಾ?" ಎಂದು ತಮಿಳಿನಲ್ಲಿ ಕೇಳಿದಳು. ಚಳಿಯಲ್ಲ ಎಂದೆ. ಕಾರಣ ಹೇಳಿದ್ದರೆ ಎದ್ದು ಬೇರೆ ಬೆಂಚಿಗೆ ಹೋಗುತ್ತಿದ್ದಳೋ ಏನೋ.

ನಾನು ಕೋರ್ಟಿನಲ್ಲಿ ಶಿಕ್ಷೆಯಾದವಳು. ರೈಲಿನವರ ಮಾತಿಗೆಂದು ಮೀಸಲಾದ ರೇಡಿಯೋ ಅಲೆಯಲ್ಲಿ ಲೈಸೆನ್ಸಿಲ್ಲದೆ ಮಾತು ಬಿಟ್ಟ ಅಪರಾಧ. ನಮ್ಮವರು ಇದನ್ನು ಪಿಸುಗುಟ್ಟಿ ಹೇಳುತ್ತಾರೆ, ಮದುವೆ ಮನೆಗಳಲ್ಲಂತೂ ಹೇಳುವುದೇ ಇಲ್ಲ. ನನಗೆ ಪಿಸುಗುಟ್ಟುವ ಅಭ್ಯಾಸವಿಲ್ಲ. ಯಾರು ಕೇಳಿದರೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ.

ನಾವು ಗುಂಡ್ಲುಪೇಟೆ ಕಡೆಯವರು. ನನ್ನ ಮಾವ ತರಕಾರಿ ವ್ಯಾಪಾರಕ್ಕೆಂದು ಗುಡ್ಡ ಹತ್ತಿದವರು ಮತ್ತೆ ಇಳಿಯಲಿಲ್ಲ. ಕೇತಿ ಕಣಿವೆಯ ಇಳಿಜಾರಿನಲ್ಲಿ ಒಂದು ತುಂಡು ಟೀ ತೋಟ ಮಾಡಿದರು. ಯಜಮಾನರು ಮಹದೇವಸ್ವಾಮಿ ಅರವಂಕಾಡಿನ ಸಿಡಿಮದ್ದಿನ ಕಾರ್ಖಾನೆಯಲ್ಲಿ ಲೇತಿನ ಮುಂದೆ ನಿಲ್ಲುವವರು, ಹಾಗಾಗಿ ತೋಟ ಎಂದರೆ ನಾನೇ. ಸುತ್ತಲಿನ ತೋಟಗಳೆಲ್ಲ ಬಡಗರ ಹಟ್ಟಿಯವರದು, ಎಲ್ಲ ನಮ್ಮ ಹಾಗೆ ತುಂಡು ತುಂಡೇ. ಆಳಿಟ್ಟು ಎಲೆ ಕೀಳಿಸುವ ತಾಕತ್ತು ಯಾರಿಗೂ ಇಲ್ಲ. ಅದಕ್ಕೆ ನಾವು ಆರು ಜನ ಹೆಂಗಸರು ಮುಯ್ಯಾಳು ಕಟ್ಟಿಕೊಂಡಿದ್ದೆವು. ಇವತ್ತು ನನ್ನ ತೋಟ, ನಾಳೆ ಅವಳದು, ನಾಡಿದ್ದು ಇನ್ನೊಬ್ಬಳದು. ತೋಟಗಳ ಕೆಳಗೆ, ಒಂದು ಓಣಿಯಷ್ಟು ದೂರದಲ್ಲಿ, ರೈಲು ಹಳಿ.

ಆರು ಜನ ಒಟ್ಟಿಗೆ ಹೋದರೂ ತೋಟದಲ್ಲಿ ಒಟ್ಟಿಗೆ ಇರುವುದಿಲ್ಲ. ಒಬ್ಬೊಬ್ಬಳು ಒಂದೊಂದು ಸಾಲು ಹಿಡಿದರೆ ಮಧ್ಯಾಹ್ನದ ಹೊತ್ತಿಗೆ ಒಬ್ಬಳು ಗುಡ್ಡದ ತಲೆಯಲ್ಲಿ, ಒಬ್ಬಳು ಹಳ್ಳದ ಬಾಯಲ್ಲಿ. ಮಂಜು ಇಳಿದರೆ ಕೈಗೆಟಕುವ ಗಿಡವೂ ಕಾಣದು. ಆಗ ನಡುನಡುವೆ ಕೂಗು ಹಾಕಬೇಕು. ಒಬ್ಬಳು ಕೂ ಎನ್ನುತ್ತಾಳೆ, ಉಳಿದವರು ಓ ಎನ್ನುತ್ತಾರೆ. ಹಟ್ಟಿಯಲ್ಲಿ ಇದು ಆಟದ ಮಾತಲ್ಲ. ಕೂಗು ಕಿವಿಗೆ ಬಿದ್ದ ಮೇಲೆ, ಅದು ನಿನ್ನ ಹೆಸರೋ ಬೇರೆಯವರ ಹೆಸರೋ, ಓಗೊಡಲೇಬೇಕು. ಕೂಗಿದವರ ಮೇಲೆ ಎಷ್ಟೇ ಸಿಟ್ಟಿದ್ದರೂ ಮೊದಲು ಓ, ಆಮೇಲೆ ಜಗಳ.

ಆ ನೇಮವನ್ನು ನನಗೆ ಕಲಿಸಿದವರು ಮಾದಿ ಹೆತ್ತೆ. ಹೆತ್ತೆ ಎಂದರೆ ಬಡಗರಲ್ಲಿ ಅಜ್ಜಿ. ಎಪ್ಪತ್ತು ದಾಟಿದ್ದರೂ ನಮ್ಮ ಆರರಲ್ಲಿ ಎಲ್ಲರಿಗಿಂತ ಮುಂಚೆ ಬುಟ್ಟಿ ತುಂಬಿಸುವವರು. ಬಿಳಿ ಮುಂಡು, ತಲೆಗೆ ಬಿಳಿ ವಸ್ತ್ರ, ಬಾಯಲ್ಲಿ ಸದಾ ಒಂದು ಗೊಣಗು. ಅವರ ಬಡಗ ಮಾತನ್ನು ನಾನು ನನ್ನ ಕನ್ನಡಕ್ಕೆ ಎಳೆದುಕೊಂಡು ಬರೆಯುತ್ತಿದ್ದೇನೆ, ಅಲ್ಲಲ್ಲಿ ಜಾರಿದ್ದರೆ ಹಟ್ಟಿಯವರು ಮನ್ನಿಸಬೇಕು.

ಆ ವರ್ಷ ಶುರುವಾದದ್ದೇ ಕೆಟ್ಟದಾಗಿ. ಉರಿಮಂಜು ಬಿದ್ದು ಹುಲ್ಲೆಲ್ಲ ಬೆಳ್ಳಗಾಗಿದ್ದ ಒಂದು ಬೆಳಿಗ್ಗೆ. ನಮ್ಮ ಆರು ಜನರಲ್ಲಿ ರಾಜಿ ಎಂಬವಳಿದ್ದಳು, ನನಗಿಂತ ಚಿಕ್ಕವಳು, ಬಾಯಿ ಜೋರು. ಗಡಿಯಲ್ಲಿ ಬಿದ್ದ ಒಂದು ಓಕ್ ಮರದ ಸೌದೆ ಯಾರದೆಂದು ಅವಳಿಗೂ ಹೆತ್ತೆಗೂ ತಿಂಗಳಿಂದ ಮಾತಿರಲಿಲ್ಲ. ಆವತ್ತು ರಾಜಿ ಹಳ್ಳದ ಕಡೆ ಇದ್ದಳು, ಹೆತ್ತೆ ಅವಳಿಗೆ ಹತ್ತಿರದ ಸಾಲಿನಲ್ಲಿ, ನಾವು ನಾಲ್ವರು ಗುಡ್ಡದ ಆಚೆ ಮಗ್ಗುಲಲ್ಲಿ. ಮಂಜಿನಲ್ಲಿ ಒಂಟಿ ಕಾಟಿ ನಿಂತಿತ್ತು. ನಮ್ಮ ಕಣಿವೆಯಲ್ಲಿ ಕಾಡೆಮ್ಮೆಗಳು ದನಗಳ ಹಾಗೆ ತಿರುಗಾಡುತ್ತವೆ, ಹಿಂಡು ಏನೂ ಮಾಡುವುದಿಲ್ಲ, ಒಂಟಿಯದನ್ನು ಮಾತ್ರ ನಂಬುವ ಹಾಗಿಲ್ಲ. ನಮಗೆ ಏನೂ ಕೇಳಲಿಲ್ಲ. ನಾವು ಹೋಗುವ ಹೊತ್ತಿಗೆ ಕಾಟಿ ತಿವಿದು ರಾಜಿ ಗಿಡಗಳ ನಡುವೆ ಬಿದ್ದಿದ್ದಳು. ಆಸ್ಪತ್ರೆ ಮುಟ್ಟುವ ಮುಂಚೆಯೇ ಜೀವ ಹೋಯಿತು.

ಹೆಣ ಎತ್ತಿದ ಮೇಲೆ ಹೆತ್ತೆ ನನ್ನ ಸೆರಗು ಹಿಡಿದು ಮನೆಯ ಹಿಂದಕ್ಕೆ ಕರೆದುಕೊಂಡು ಹೋದರು. "ಎರಡು ಸಲ ಕೂಗಿದಳು ರತ್ನಾ. ಎನಗೆ ಕೇಳಿತು. ಎನ್ನ ಕೂಗಲಿಲ್ಲ, ನಿಮ್ಮನ್ನ ಕೂಗಿದಳು ಅಂತ ಸುಮ್ಮನಿದ್ದೆ. ಮೂರನೆಯ ಸಲ ಕೂಗಿದರೆ ಓ ಅನ್ನೋಣ ಅಂತ ಕಾದೆ. ಮೂರನೆಯದು ಬರಲೇ ಇಲ್ಲ."

ಅವರು ಓ ಎಂದಿದ್ದರೆ ಕಾಟಿ ಬೆದರಿ ಓಡುತ್ತಿತ್ತು ಎಂದು ಯಾರು ಬರೆದುಕೊಟ್ಟಾರು? ಆದರೆ ಆವತ್ತಿನಿಂದ ಹೆತ್ತೆ ಬೇರೆ ಮನುಷ್ಯೆ. ಬೀದಿಯಲ್ಲಿ ಕಡ್ಲೆ ಮಾರುವವನು ಕೂಗಿದರೂ ಒಳಗಿನಿಂದ ಓ ಎನ್ನುತ್ತಿದ್ದರು. ಮಕ್ಕಳು ನಗುತ್ತಿದ್ದವು. ನನಗೆ ನಗು ಬರುತ್ತಿರಲಿಲ್ಲ.

ಆ ಸಲದ ಎಲೆ ಶುರುವಾಗುವ ಮುಂಚೆ ನಾನೇ ಮೆಟ್ಟುಪಾಳ್ಯಕ್ಕೆ ಇಳಿದು ಒಂದು ಅಂಗಡಿಯಲ್ಲಿ ನಾಲ್ಕು ವಾಕಿಟಾಕಿ ಕೊಂಡೆ. ಮದುವೆ ಛತ್ರದವರು, ಲಾರಿಯವರು ಕೊಂಡುಹೋಗುವಂಥವು. ಇದಕ್ಕೆ ಲೈಸೆನ್ಸ್ ಬೇಡವೇ ಎಂದು ಕೇಳಿದೆ. ಅಂಗಡಿಯವನು ನಕ್ಕ. "ಆಟದ ಸಾಮಾನಿಗೆ ಎಂಥ ಲೈಸೆನ್ಸ್ ಅಮ್ಮಾ" ಎಂದ. ಆಟದ ಸಾಮಾನಿನ ಬೆಲೆ ಅದಾಗಿರಲಿಲ್ಲ, ಅದು ನನಗೂ ಗೊತ್ತಿತ್ತು. ಆದರೂ ಅವನ ನಗುವನ್ನೇ ರಸೀದಿ ಅಂದುಕೊಂಡು ಬಂದೆ. ಇದು ನನ್ನ ಮೊದಲ ತಪ್ಪು, ಒಪ್ಪುತ್ತೇನೆ.

ಎರಡನೆಯದನ್ನೂ ಹೇಳಿಬಿಡುತ್ತೇನೆ. ತಂದ ವಾರದೊಳಗೇ ಆ ಸೆಟ್ಟುಗಳಲ್ಲಿ ಗಂಡಸರ ದನಿ ಕೇಳಿಸತೊಡಗಿತು. ಗಾರ್ಡ್, ಡ್ರೈವರ್, ಲವ್‌ಡೇಲು, ಕೇತಿ. ರೈಲು ಕೆಳಗೆ ಹಾದುಹೋಗುವಾಗ ಮಾತ್ರ, ಎರಡು ನಿಮಿಷ, ಆಮೇಲೆ ಮೌನ. ಇದು ರೈಲಿನವರ ಮಾತು ಎಂದು ತಿಳಿಯದಷ್ಟು ಮೂಢಳಲ್ಲ ನಾನು. ತಿರುಪು ತಿರುಗಿಸಿ ಬೇರೆ ಚಾನೆಲ್ಲಿಗೆ ಹಾಕಬೇಕಿತ್ತು. ಹಾಕಿಯೂ ಹಾಕಿದೆ. ಮಾರನೆಯ ದಿನ ಹೆತ್ತೆಯ ಸೆಟ್ಟು ಮೂಕ. ಅವರಿಗೆ ಆ ತಿರುಪಿನ ಒಂದೇ ಜಾಗ ಗೊತ್ತು, ನಾನು ಮೊದಲ ದಿನ ಉಗುರುಬಣ್ಣದಲ್ಲಿ ಚುಕ್ಕೆ ಇಟ್ಟುಕೊಟ್ಟಿದ್ದ ಜಾಗ. ಹೊಸ ಜಾಗ ಎಷ್ಟು ಸಲ ತೋರಿಸಿದರೂ ಕೈ ಹಳೆಯ ಚುಕ್ಕೆಗೇ ಹೋಗುತ್ತಿತ್ತು. ಕೊನೆಗೆ ನಾವೆಲ್ಲರೂ ಹೆತ್ತೆಯ ಚುಕ್ಕೆಗೇ ಬಂದೆವು. ರೈಲು ಬಂದಾಗ ಸುಮ್ಮನಿದ್ದರಾಯಿತು ಅಂದುಕೊಂಡೆವು, ಆರು ತಿಂಗಳು ಸುಮ್ಮನೆಯೂ ಇದ್ದೆವು.

ಆ ಆರು ತಿಂಗಳು ಹೇಗಿದ್ದವೆಂದು ಕಾನೂನಿನ ಪುಸ್ತಕದಲ್ಲಿ ಬರೆದಿಲ್ಲ, ನಾನು ಬರೆಯುತ್ತೇನೆ. ಮಂಜಿನಲ್ಲಿ ಎದೆ ಡವಗುಟ್ಟದೆ ಎಲೆ ಕಿತ್ತೆವು. "ಮೇಲಿನ ಕಲ್ಲಿನ ಹತ್ತಿರ ಎರಡು ನಿಂತಿವೆ, ಯಾರೂ ಬರಬೇಡಿ" ಎಂದು ಒಬ್ಬಳು ಹೇಳಿದರೆ ತೋಟದ ನಾಲ್ಕು ಮೂಲೆಗೂ ಮುಟ್ಟುತ್ತಿತ್ತು. ಹೆತ್ತೆ ಸೆಟ್ಟನ್ನು ಮುಂಡಿನ ಮಡಿಕೆಯಲ್ಲಿ ಕಟ್ಟಿಕೊಂಡು, ಅದರೊಳಗೆ ಯಾರು ಕೆಮ್ಮಿದರೂ ಓ ಎನ್ನುತ್ತಿದ್ದರು.

ದೀಪಾವಳಿಗೆ ಮುಂಚಿನ ಮಳೆ. ಮೂರು ದಿನ ಸುರಿದು ನಾಲ್ಕನೆಯ ಬೆಳಿಗ್ಗೆ ನಿಂತಿತ್ತು, ಮಂಜು ಮಾತ್ರ ತೋಟದ ಮೇಲೆ ಕೂತುಬಿಟ್ಟಿತ್ತು. ಹೆತ್ತೆ ಹಳಿಗೆ ಹತ್ತಿರದ ಕೆಳಸಾಲಿನಲ್ಲಿದ್ದರು, ನಾನು ಗುಡ್ಡದ ತಲೆಯಲ್ಲಿ. ಊಟಿಗೆ ಹೋಗುವ ರೈಲು ನಮ್ಮ ಕೆಳಗಿನ ತಿರುವಿನಲ್ಲಿ ಬಂದು ನಿಂತುಬಿಟ್ಟಿತು. ಹಳಿಯ ಮೇಲೆ ನೀಲಗಿರಿ ಮರದ ಕೊಂಬೆ ಬಿದ್ದಿತ್ತಂತೆ, ಆಮೇಲೆ ತಿಳಿದದ್ದು. ಮುಂದಿನ ಡಬ್ಬಿಯ ಬ್ರೇಕಿನವನು ಇಳಿದು ಕೊಂಬೆ ಎಳೆದುಹಾಕಿ, ಹಿಂದಿನ ಇಂಜಿನ್ನಿನಲ್ಲಿದ್ದ ಡ್ರೈವರನ್ನು ಸೆಟ್ಟಿನಲ್ಲಿ ಕರೆದ. "ಡ್ರೈವರಣ್ಣಾ, ಕೇಳಿಸುತ್ತಾ?" ಉತ್ತರವಿಲ್ಲ. ಇನ್ನೊಮ್ಮೆ ಕರೆದ, ಸ್ವಲ್ಪ ಗಾಬರಿಯಲ್ಲಿ. "ಡ್ರೈವರಣ್ಣಾ, ಯಾರಾದ್ರೂ ಇದ್ದೀರಾ?" ನಾನು ಎಂದಿನಂತೆ ಸುಮ್ಮನೆ ಕೇಳುತ್ತಿದ್ದೆ.

ಹೆತ್ತೆ ಮೂರನೆಯದಕ್ಕೆ ಕಾಯಲಿಲ್ಲ.

"ಓ…" ಎಂದರು. ಎಳೆದು, ಕಣಿವೆಗೆಲ್ಲ ಕೇಳುವ ಹಾಗೆ. "ಇದ್ದೇನೆ ಮಗಾ. ಎಲ್ಲಿದ್ದೀ? ಅಲ್ಲೇ ನಿಲ್ಲು, ಹೆದರಬೇಡ, ಬತ್ತಾ ಇದ್ದೇನೆ."

ಅಷ್ಟು ಹೇಳಿ ಗುಂಡಿ ಬಿಟ್ಟಿದ್ದರೆ ಯಾವ ಕೋರ್ಟೂ ಇರುತ್ತಿರಲಿಲ್ಲ. ಬಿಡಲಿಲ್ಲ. ಒಂದು ಕೈಯಲ್ಲಿ ಕತ್ತಿ, ಇನ್ನೊಂದು ಕೈಯಲ್ಲಿ ಸೆಟ್ಟಿನ ಗುಂಡಿಯನ್ನು ಅದುಮಿ ಹಿಡಿದು ಹಳಿಯ ಕಡೆ ಇಳಿಯತೊಡಗಿದರು. ಒಬ್ಬರು ಗುಂಡಿ ಒತ್ತಿ ಹಿಡಿದರೆ ಆ ಅಲೆಯಲ್ಲಿ ಮಿಕ್ಕವರ ಮಾತು ಹೋಗದು. ನನ್ನ ಸೆಟ್ಟಿನಲ್ಲಿ ಹೆತ್ತೆಯ ಏದುಸಿರು, ಕೆಮ್ಮು, ಒದ್ದೆ ಗಿಡ ಸವರುವ ಸದ್ದು, ನಡುವೆ "ಕೂಗು ಮಗಾ, ಕೂಗುತ್ತಾ ಇರು" ಎಂಬ ಮಾತು. ಗುಂಡಿ ಬಿಡಿ ಹೆತ್ತೆ, ಗುಂಡಿ ಬಿಡಿ ಎಂದು ನಾನು ಸೆಟ್ಟಿನೊಳಗೆ ಬಡಿದುಕೊಂಡೆ. ಯಾರಿಗೆ ಕೇಳಬೇಕು? ಬುಟ್ಟಿ ಎಸೆದು ಓಡಿದೆ. ಜಾರಿ ಬಿದ್ದೆ, ಎದ್ದೆ, ಮತ್ತೆ ಓಡಿದೆ.

ಕೆಳಗೆ ರೈಲು ನಿಂತೇ ಇತ್ತು. ತಮ್ಮ ಅಲೆಯಲ್ಲಿ ಗೊತ್ತಿಲ್ಲದ ದನಿ ಬಂದರೆ ರೈಲು ಅಲುಗುವ ಹಾಗಿಲ್ಲವಂತೆ. ಕೊನೆಗೆ ಹಿಂದಿನಿಂದ ಮನುಷ್ಯರು ಕಾಲ್ನಡಿಗೆಯಲ್ಲಿ ಬಂದು, ಬಾವುಟ ತೋರಿಸಿ, ಒಂದೊಂದೇ ವಿಚಾರಿಸಿಕೊಂಡು ಹೊರಡಿಸಿದರು. ಮೇಲಿನಿಂದ ಇಳಿಯಬೇಕಾದ ರೈಲೂ ಸ್ಟೇಷನ್ನಿನಲ್ಲೇ ಕಾಯಬೇಕಾಯಿತು. ನಾನು ಮುಟ್ಟುವ ಹೊತ್ತಿಗೆ ರೈಲು ಹೋಗಿಯಾಗಿತ್ತು. ಹೆತ್ತೆ ಹಳಿಯ ಪಕ್ಕದ ಕಲ್ಲಿನ ಮೇಲೆ ಕತ್ತಿ ಹಿಡಿದು ಕೂತಿದ್ದರು, ಮೊಣಕಾಲು ತರಚಿತ್ತು. ಹೆಬ್ಬೆರಳು ಇನ್ನೂ ಗುಂಡಿಯ ಮೇಲಿತ್ತು.

"ಹುಡುಗ ಸಿಕ್ಕಲಿಲ್ಲ ರತ್ನಾ. ರೈಲು ಹತ್ತಿ ಹೋದನೋ ಏನೋ."

"ಅವನು ನಿಮ್ಮನ್ನ ಕೂಗಲಿಲ್ಲ ಹೆತ್ತೆ. ಡ್ರೈವರನ್ನ ಕೂಗಿದ."

"ಗೊತ್ತು ಬುಡು. ರಾಜಿಯೂ ಎನ್ನ ಕೂಗಿರಲಿಲ್ಲ."

ಅವರ ಬೆರಳನ್ನು ನಾನೇ ಬಿಡಿಸಿದೆ.

ನಾಲ್ಕು ದಿನ ಕಳೆದು, ಹಳಿಯ ಮೇಲಿನ ತೋಟಗಳಲ್ಲಿ ವಿಚಾರಿಸಿಕೊಂಡು, ಜೀಪು ನಮ್ಮ ಮನೆಗೆ ಬಂತು. ರೈಲ್ವೆ ಪೊಲೀಸಿನವರಿಬ್ಬರು, ಜೊತೆಗೆ ತಂತಿ ಇಲ್ಲದ ಮಾತಿನ ಲೆಕ್ಕ ಇಡುವ ಇಲಾಖೆಯ ಒಬ್ಬ ಅಧಿಕಾರಿ. ಹೆತ್ತೆ ಆವತ್ತು ನೆಂಟರ ಮನೆಗೆ ಹೋಗಿದ್ದರು, ನನ್ನ ಪುಣ್ಯ. ನಾಲ್ಕೂ ಸೆಟ್ಟು ನನ್ನ ಮನೆಯ ಕಪಾಟಿನಲ್ಲಿದ್ದವು. ಮಹಜರು ಬರೆದು, ಒಂದೊಂದನ್ನೂ ಬಟ್ಟೆಯಲ್ಲಿ ಸುತ್ತಿ ಅರಗು ಒತ್ತಿದರು. ಅಧಿಕಾರಿ ಒರಟನಲ್ಲ, ಕೂರಿಸಿಕೊಂಡು ಹೇಳಿದ. ಲೈಸೆನ್ಸಿಲ್ಲದೆ ಸೆಟ್ಟು ಇಟ್ಟುಕೊಂಡದ್ದು ಒಂದು, ಅದರಲ್ಲಿ ಮಾತಾಡಿದ್ದು ಇನ್ನೊಂದು, ರೈಲಿನ ಮಾತಿಗೆ ಅಡ್ಡಿಯಾದದ್ದು ಬೇರೆಯೇ ಒಂದು. ಬೇಕೆಂದೇ ಮಾಡಿದ್ದು ಎಂದು ರುಜುವಾತಾದರೆ ವರ್ಷಗಟ್ಟಲೆ ಒಳಗಿರಬೇಕಾಗುತ್ತದೆ.

"ಈ ರೈಲು ಹತ್ತುವಾಗ ಇಂಜಿನ್ನು ಹಿಂದಿನಿಂದ ತಳ್ಳುತ್ತೆ ಅಮ್ಮಾ. ಡ್ರೈವರಿಗೆ ಮುಂದೇನಿದೆ ಅಂತ ಕಾಣೋದಿಲ್ಲ. ಮುಂದಿರೋನೇ ಅವನ ಕಣ್ಣು. ಆ ಕಣ್ಣಿಗೆ ನಿಮ್ಮವರು ಬಟ್ಟೆ ಕಟ್ಟಿದರು. ಇನ್ನೂರು ಜನ ಇದ್ದರು ಒಳಗೆ."

ಇದು ನಿಜ. ನಿಜವೆಂದು ಆವತ್ತೇ ಒಪ್ಪಿದೆ, ಇವತ್ತೂ ಒಪ್ಪುತ್ತೇನೆ. ಆದರೆ ಅವನು ಪೆನ್ನು ತೆಗೆದು, "ಆ ದನಿ ಯಾರದು?" ಎಂದಾಗ ಹೆಸರು ಮಾತ್ರ ಕೊಡಲಿಲ್ಲ.

"ಸೆಟ್ಟು ನನ್ನದು" ಎಂದೆ.

"ದನಿ ನಿಮ್ಮದಲ್ಲ. ವಯಸ್ಸಾದ ಹೆಂಗಸಿನದು ಅಂತ ಬ್ರೇಕಿನವನು ಬರೆದುಕೊಟ್ಟಿದ್ದಾನೆ."

"ಕೊಂಡದ್ದು ನಾನು, ಕೊಟ್ಟದ್ದು ನಾನು. ನನ್ನ ಹೆಸರು ಬರಕೊಳ್ಳಿ."

ಯಜಮಾನರು ಕೆಲಸದಿಂದ ಬಂದು ನೋಟೀಸು ಓದಿ ಜಗಲಿಯ ಮೇಲೆ ಕುಸಿದರು. "ಏನ್ ಮಾಡ್ಬುಟ್ಟೆ ಕಣಮ್ಮಿ. ನಾನು ಮದ್ದಿನ ಕಾರ್ಖಾನೇಲಿ ಕೆಲಸ ಮಾಡೋನು. ಮನೆಯವಳ ಮೇಲೆ ವೈರ್‌ಲೆಸ್ ಕೇಸು ಅಂದ್ರೆ ಗೇಟಲ್ಲಿ ನನ್ನ ಒಳಿಕ್ಕೆ ಬುಡ್ತಾರಾ?"

"ಬುಡದೆ ಏನ್ಮಾಡ್ತಾರೆ? ನಾನೇನು ಬಾಂಬ್ ಇಟ್ಟಿದ್ನಾ?"

"ಸುಮ್ಕೆ ಮುದುಕಿ ಹೆಸರು ಹೇಳ್ಬುಡು. ಅದಕ್ಕೆ ಯಾರೂ ಏನೂ ಮಾಡಕಿಲ್ಲ. ನೀನ್ಯಾಕೆ ಸಾಯ್ತೀಯ?"

ಕೂನೂರಿನ ವಕೀಲ ಭೋಜನ್ ಹೇಳಿದ್ದೂ ಅದನ್ನೇ. ಹಟ್ಟಿಯವರ ಪೈಕಿಯೇ, ಒಳ್ಳೆಯ ಮನುಷ್ಯ. ಅವರು ನನಗೆ ಎರಡು ದಾರಿ ತೋರಿಸಿದರು. ಅದು ರೈಲಿನ ಅಲೆ ಎಂದು ಗೊತ್ತೇ ಇರಲಿಲ್ಲ ಎನ್ನುವುದು ಒಂದು. ಇಲ್ಲವೇ ಓದುಬರಹ ಬಾರದ ಮುದುಕಿ ಏನೋ ಒತ್ತಿಬಿಟ್ಟಳು ಎಂದು ಹೆತ್ತೆಯನ್ನು ಕೋರ್ಟಿಗೆ ನಿಲ್ಲಿಸುವುದು. ಜಡ್ಜಿಗೆ ಕನಿಕರ ಬರುತ್ತದೆ, ಬುದ್ಧಿ ಹೇಳಿ ಕಳಿಸುತ್ತಾರೆ, ಎಲ್ಲರೂ ಮನೆಗೆ ಹೋಗಬಹುದು.

ಎರಡೂ ಆಗುವುದಿಲ್ಲ ಎಂದೆ. ಗೊತ್ತಿದ್ದದ್ದನ್ನು ಗೊತ್ತಿರಲಿಲ್ಲ ಎನ್ನಲಾರೆ. ಉಪ್ಪು ತಿಂದವಳು ನಾನು, ನೀರೂ ನಾನೇ ಕುಡಿಯುತ್ತೇನೆ. ಹೆತ್ತೆಯ ಮಾತಂತೂ ಎತ್ತಲೇಬೇಡಿ ಎಂದೆ.

"ಆ ಅಜ್ಜಿಗೆ ಶಿಕ್ಷೆ ಆಗೋದಿಲ್ಲ ನಾಗರತ್ನಮ್ಮ, ನಾನು ಮಾತು ಕೊಡ್ತೇನೆ."

ಅವರಿಗೆ ಅರ್ಥವಾಗುತ್ತಿರಲಿಲ್ಲ. ಶಿಕ್ಷೆ ಜೈಲಿನಲ್ಲೇ ಆಗಬೇಕೆಂದು ಏನಿದೆ? ಒಂದು ಸಲ ಓ ಎನ್ನದೆ ಹೋದದ್ದಕ್ಕೆ ಆ ಜೀವ ವರ್ಷವೆಲ್ಲ ಬೆಂದಿತ್ತು. ಈಗ ಅದನ್ನು ಕಟಕಟೆಗೆ ಹತ್ತಿಸಿ, ಓ ಎಂದದ್ದೂ ತಪ್ಪು ಎಂದು ಬುದ್ಧಿ ಹೇಳಿದರೆ ಆಮೇಲೆ ಆ ಜೀವ ಎಲ್ಲಿಗೆ ಹೋಗಬೇಕು? ಬುದ್ಧಿಯನ್ನು ಕನಿಕರದಲ್ಲೇ ಹೇಳಬಹುದು. ಕನಿಕರದಲ್ಲಿ ಹೇಳಿದರೂ ಅದೇ ಬುದ್ಧಿ ತಾನೆ.

ಹೆತ್ತೆಗೆ ಸೆಟ್ಟುಗಳು ರಿಪೇರಿಗೆ ಹೋಗಿವೆ ಎಂದೆ. ನಾನು ಆ ವರ್ಷ ಹೇಳಿದ ಒಂದೇ ಸುಳ್ಳು ಅದು. ಮಳೆಗಾಲ ಮುಗಿಯುವ ತನಕ ಮತ್ತೆ ಗಂಟಲೇ ಗತಿಯಾಯಿತು. ನಾವು ಚದುರದೆ ಒಂದೇ ಸಾಲಿನಲ್ಲಿ ಅಂಟಿಕೊಂಡು ಕಿತ್ತೆವು. ಅರ್ಧ ಎಲೆ ಗಿಡದಲ್ಲೇ ಬಲಿತು ಹೋಯಿತು. ಹೆತ್ತೆ ನಡುನಡುವೆ ಕೈ ನಿಲ್ಲಿಸಿ ಹಳಿಯ ಕಡೆ ನೋಡುತ್ತಿದ್ದರು. "ಆ ಹುಡುಗನ ಸುದ್ದಿ ಏನಾದರೂ ಬಂತಾ ರತ್ನಾ? ಮನೆ ಸೇರಿದನಾ?" ಎಂದು ಎಷ್ಟು ಸಲ ಕೇಳಿದರೋ. ಸೇರಿದ ಹೆತ್ತೆ ಎನ್ನುತ್ತಿದ್ದೆ. "ನೀ ನೋಡಿದೆಯಾ?" ಎಂದರೆ ಎಲೆ ಕೀಳಲು ಬಗ್ಗುತ್ತಿದ್ದೆ.

ಕೋರ್ಟಿನ ದಿನ ಬಂದದ್ದು ಮತ್ತೆ ಉರಿಮಂಜಿನ ಕಾಲಕ್ಕೆ. ಹೆತ್ತೆ ಬೇಡವೆಂದರೂ ಬಸ್ಸು ಹತ್ತಿದರು. ತೋಟದ ಗಡಿಯ ಕೇಸು ಎಂದುಕೊಂಡಿದ್ದರು. "ಹೆಂಗಸು ಒಬ್ಬಳೇ ಕೋರ್ಟಿಗೆ ಹೋಗಬಾರದು" ಎಂದು ನನ್ನ ಪಕ್ಕ ಕೂತು, ದಾರಿಯುದ್ದಕ್ಕೂ ನನ್ನ ಕೈ ಹಿಡಿದುಕೊಂಡಿದ್ದರು. ಯಜಮಾನರು ರಜೆ ಹಾಕಿ ಹಿಂದಿನ ಸೀಟಿನಲ್ಲಿ ಮುಖ ಊದಿಸಿಕೊಂಡು ಕೂತಿದ್ದರು. ಬಂದರಲ್ಲ, ಅಷ್ಟು ಸಾಕು.

ವರಾಂಡದಲ್ಲಿ ಜನ ಕಿಕ್ಕಿರಿದಿದ್ದರು. ಹೆತ್ತೆಯನ್ನು ಬೆಂಚಿನ ಮೇಲೆ ಕೂರಿಸಿ, ಭೋಜನ್ ವಕೀಲರ ಹಿಂದೆ ಯಾವುದೋ ಕಾಗದಕ್ಕೆ ರುಜು ಹಾಕಲು ಮೂಲೆಯ ಕೋಣೆಗೆ ಹೋದೆ. ಅಷ್ಟರಲ್ಲೇ ಕೇಸು ಬಂದುಬಿಟ್ಟಿತು. ಕೋರ್ಟಿನ ಜವಾನ ಬಾಗಿಲಲ್ಲಿ ನಿಂತು, "ನಾಗರತ್ತಿನಂ" ಎಂದು ಕೂಗಿದ. ನಾನು ಪೆನ್ನು ಬಿಟ್ಟು ಹೊರಗೆ ಓಡಿ ಬರುವಾಗ ಎರಡನೆಯ ಸಲ ಕೂಗಿದ. ಮೂರನೆಯದಕ್ಕೆ ಬಾಯಿ ತೆರೆದಿದ್ದ.

"ಓ…" ಎಂದಿತು ವರಾಂಡ.

ಅದೇ ಓ. ಎಳೆದು, ಕಣಿವೆಗೆಲ್ಲ ಕೇಳುವ ಹಾಗೆ. ವಕೀಲರು, ಪೊಲೀಸಿನವರು, ಕೈಕೋಳದಲ್ಲಿದ್ದವನು, ಎಲ್ಲರೂ ತಿರುಗಿ ನೋಡಿದರು. ಕಂಬಕ್ಕೆ ಒರಗಿ ನಿಂತಿದ್ದ ರೈಲ್ವೆ ಸಮವಸ್ತ್ರದ ಒಬ್ಬ ಹುಡುಗ ಮಾತ್ರ ತಿರುಗಲಿಲ್ಲ, ಸೆಟೆದು ನಿಂತ. ಸಾಕ್ಷಿಗೆ ಬಂದ ಬ್ರೇಕಿನವನು ಅವನೇ ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಇಷ್ಟು ತಿಂಗಳು ಹಲ್ಲು ಕಚ್ಚಿ ಮುಚ್ಚಿಟ್ಟದ್ದನ್ನು ಆ ಪುಣ್ಯಾತಗಿತ್ತಿ ಒಂದೇ ಉಸಿರಿಗೆ ಬಿಚ್ಚಿಟ್ಟರು.

ಒಳಗೆ ಮ್ಯಾಜಿಸ್ಟ್ರೇಟರು ಹೆಂಗಸು. ಆಪಾದನೆ ಓದಿ, ಒಪ್ಪುತ್ತೀರಾ ಎಂದು ಕೇಳಿದರು. ಭೋಜನ್ ನನ್ನ ಮೊಣಕೈ ಒತ್ತಿದರು. ನಾನು ಕೈ ಬಿಡಿಸಿಕೊಂಡೆ.

"ಸೆಟ್ಟು ನನ್ನದು. ಲೈಸೆನ್ಸ್ ಇರಲಿಲ್ಲ, ಒಪ್ಪುತ್ತೇನೆ. ರೈಲಿನವರ ಮಾತು ಅದರಲ್ಲಿ ಬರುತ್ತೆ ಅಂತ ಗೊತ್ತಿತ್ತು, ಅದನ್ನೂ ಒಪ್ಪುತ್ತೇನೆ. ರೈಲು ನಿಂತದ್ದಕ್ಕೆ ಒಳಗಿದ್ದವರ ಕ್ಷಮೆ ಕೇಳುತ್ತೇನೆ. ಕೂಗಿದವನಿಗೆ ಓ ಅಂದದ್ದು ತಪ್ಪು ಅಂತ ಮಾತ್ರ ನನ್ನ ಬಾಯಲ್ಲಿ ಹೇಳಿಸಬೇಡಿ ತಾಯಿ. ಅದನ್ನು ಹೇಳೋದಿಲ್ಲ."

"ಮಾತಾಡಿದವರು ಯಾರು?"

"ಅದನ್ನೂ ಹೇಳೋದಿಲ್ಲ."

ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಆಮೇಲೆ ಬ್ರೇಕಿನವನನ್ನು ಕರೆದು, ಆ ದನಿ ಗುರುತಿಸಬಲ್ಲೆಯಾ ಎಂದು ಕೇಳಿದರು. ಸೆಲ್ವಂ ಎಂದು ಅವನ ಹೆಸರು. ಬಾಗಿಲಾಚೆ ಬೆಂಚು ಕಾಣುತ್ತಿತ್ತು, ಬೆಂಚಿನ ಮೇಲೆ ಬಿಳಿ ಮುಂಡು ಕಾಣುತ್ತಿತ್ತು. ಅವನು ಅತ್ತ ನೋಡಲಿಲ್ಲ. ಸ್ವಲ್ಪ ಹೊತ್ತು ಟೋಪಿಯನ್ನೇ ತಿರುಗಿಸಿದ.

"ಆವತ್ತು ಮಂಜು ಅಮ್ಮಾ" ಎಂದ. "ನಾನು ಒಬ್ಬನೇ ಇದ್ದೆ, ಡ್ರೈವರ್ ದನಿ ಬರಲಿಲ್ಲ, ಭಯವಾಗಿತ್ತು. ಯಾರೋ ಹೆದರಬೇಡ ಅಂದರು. ಅಷ್ಟು ನೆನಪಿದೆ."

ಸೆಟ್ಟುಗಳು ಮುಟ್ಟುಗೋಲಾದವು. ದಂಡ ಹಾಕಿದರು, ಯಜಮಾನರು ಗೊಣಗದೆ ಕಟ್ಟಿದರು. ಅದರ ಮೇಲೆ ಕೋರ್ಟು ಏಳುವ ತನಕ ಸಜೆ. ಇಂಥ ಸಜೆ ಇದೆಯೆಂದೇ ನನಗೆ ಗೊತ್ತಿರಲಿಲ್ಲ. ಆವತ್ತಿನ ಕಲಾಪ ಮುಗಿದು ಜಡ್ಜು ಎದ್ದುಹೋಗುವ ತನಕ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಕದಲದೆ ಕೂರಬೇಕು. ಕೂತೆ. ಸೊಂಟ ನೆಟ್ಟಗೆ ಇಟ್ಟುಕೊಂಡು ಕೂತೆ. ಹೆತ್ತೆ ಬಂದು ಪಕ್ಕದಲ್ಲಿ ಕೂತರು. ಪೊಲೀಸಿನವನು ತಮಿಳಿನಲ್ಲಿ ಅಜ್ಜಿಯೆಂದು ಕರೆದು, ನೀವು ಹೋಗಬಹುದು ಪಾಟೀ ಎಂದರೆ, "ಇವಳು ಎದ್ದ ಮೇಲೆ ಏಳುತ್ತೇನೆ" ಎಂದು ಮುಂಡು ಸರಿಮಾಡಿಕೊಂಡರು.

ಸೆಲ್ವಂ ಡ್ಯೂಟಿಗೆ ಹೋಗುವ ಮುಂಚೆ ಬೆಂಚಿನ ಹತ್ತಿರ ಬಂದ. ಹೆತ್ತೆ ಅವನ ಸಮವಸ್ತ್ರ ನೋಡಿ ಪಿಸುದನಿಯಲ್ಲಿ ಕೇಳಿದರು. "ನೀ ರೈಲಿನವನಾ ಮಗಾ? ದೀಪಾವಳಿ ಮುಂಚೆ ನಮ್ಮ ತೋಟದ ಕೆಳಗೆ ಒಬ್ಬ ಹುಡುಗ ಕೂಗುತ್ತಾ ಇದ್ದ. ನಾ ಹೋಗುವಷ್ಟರಲ್ಲಿ ಇರಲಿಲ್ಲ. ನಿನಗೆ ಗೊತ್ತಾ?"

ಅವನು ನನ್ನ ಮುಖ ನೋಡಿದ. ನಾನು ಕಣ್ಣಲ್ಲೇ ಬೇಡಿಕೊಂಡೆ.

"ಗೊತ್ತು ಪಾಟಿ. ಸುಖವಾಗಿ ಮನೆ ಸೇರಿದ. ನೀವು ಓ ಅಂದದ್ದು ಅವನಿಗೆ ಕೇಳಿತಂತೆ."

ಹೆತ್ತೆ ಅವನನ್ನು ಬಗ್ಗಿಸಿ, ಬಡಗರು ಹರಸುವ ಹಾಗೆ ತಲೆಯ ಮೇಲೆ ಕೈಯಿಟ್ಟು, "ಒಂದು ಒಂಬತ್ತಾಗಲಿ" ಎಂದರು. ನಾನು ಗೋಡೆಯ ಕಡೆ ತಿರುಗಿಕೊಂಡೆ. ಕೋರ್ಟು ಎದ್ದಾಗ ಸಂಜೆ ಐದಾಗಿತ್ತು.

ಇದೆಲ್ಲ ಆಗಿ ಈಗ ನಾಲ್ಕು ವರ್ಷ. ಯಜಮಾನರನ್ನು ಗೇಟಿನಲ್ಲಿ ಯಾರೂ ಏನೂ ಕೇಳಲಿಲ್ಲ. ಹೆತ್ತೆಗೆ ಕಿವಿ ಮಂದವಾಗಿದೆ. ಪಕ್ಕದ ಸಾಲಿನಿಂದ ಕೂಗಿದರೂ ಕೇಳದು, ಆದರೆ ತೋಟಕ್ಕೆ ಬರುವುದನ್ನು ಬಿಟ್ಟಿಲ್ಲ. ಕಿವಿಗೇ ಹಿಡಿದುಕೊಳ್ಳುವ ಸೆಟ್ಟಾದರೆ ಇನ್ನೂ ಕೇಳಿಸೀತು. ಲೈಸೆನ್ಸ್ ಬೇಡದ ಪುಟ್ಟ ಸೆಟ್ಟುಗಳಿವೆಯಂತೆ, ಅವುಗಳ ಮಾತು ನಮ್ಮ ಗುಡ್ಡ ದಾಟುವುದಿಲ್ಲ. ದಾಟುವಂಥದು ಬೇಕಾದರೆ ನಮ್ಮ ಮುಯ್ಯಾಳು ಹೆಂಗಸರ ಸಂಘದ ಹೆಸರಿನಲ್ಲಿ ಅರ್ಜಿ ಹಾಕಿ, ಸರ್ಕಾರ ಕೊಟ್ಟ ಅಲೆಯಲ್ಲೇ ಮಾತಾಡಬೇಕು. ಹಾಗೇ ಆಗಲಿ. ರೈಲಿನವರ ಅಲೆ ರೈಲಿನವರಿಗಿರಲಿ, ನಮ್ಮದು ನಮಗೆ ಕೊಡಿ. ಕಳೆದ ವಾರ ನಾನು ಊಟಿಗೆ ಹೊರಟಿದ್ದು ಅದಕ್ಕೇ.

ಇ-ಸೇವೆ ಕೇಂದ್ರದಲ್ಲಿ ಕಂಪ್ಯೂಟರಿನ ಮುಂದಿದ್ದ ಹುಡುಗಿ ಒಂದೊಂದೇ ಪ್ರಶ್ನೆ ಓದಿ ಟೈಪು ಮಾಡುತ್ತಿದ್ದಳು. ಹೆಸರು, ಊರು, ಎಷ್ಟು ಸೆಟ್ಟು. ಒಂದು ಕಡೆ ನಿಂತಳು. "ಈ ಕಾನೂನಿನಡಿ ಹಿಂದೆ ಶಿಕ್ಷೆ ಆಗಿದೆಯಾ ಅಂತ ಕೇಳುತ್ತಿದೆ ಅಕ್ಕಾ. ಇಲ್ಲ ಅಂತ ಹಾಕಲಾ?"

"ಹೌದು ಅಂತ ಹಾಕು."

ಅವಳು ತಲೆಯೆತ್ತಿ ನೋಡಿದಳು. "ಹಾಗಾದರೆ ವಿವರ ಕೇಳುತ್ತದೆ."

"ಬರಿ. ಕೂಗಿದವನಿಗೆ ಓ ಅಂದದ್ದಕ್ಕೆ."

"ಹಾಗೆಲ್ಲ ಬರೆಯೋ ಹಾಗಿಲ್ಲ ಅಕ್ಕಾ, ಸೆಕ್ಷನ್ ನಂಬರ್ ಅಷ್ಟೇ ಹಾಕಬೇಕು. ಹೀಗೆ ಬರೆದರೆ ಅರ್ಜಿ ವಾಪಸ್ಸು ಬರುತ್ತೆ."

"ನಂಬರೂ ಹಾಕು, ಇದನ್ನೂ ಹಾಕು. ವಾಪಸ್ಸು ಬಂದರೆ ಮತ್ತೆ ಬರುತ್ತೇನೆ. ಮತ್ತೆ ಇದನ್ನೇ ಬರೆಸುತ್ತೇನೆ."

ಅವಳು ಒಂದೊಂದೇ ಅಕ್ಷರ ಒತ್ತಿದಳು. ಪೂರ್ತಿಯಾಗುವ ತನಕ ನಾನು ಹಿಂದೆ ನಿಂತು ನೋಡಿದೆ.